ಡ್ರಾಯರಿನ ಅಡ್ಡಪಟ್ಟಿಗೆ ಮುಕಿಮಾ ಮರ

ಅಡುಗೆಮನೆಯ ಡ್ರಾಯರಿಗೆ ಮರದ ಅಡ್ಡಪಟ್ಟಿಗಳನ್ನು ಮನೆಯಲ್ಲೇ ಮಾಡಿಕೊಳ್ಳುವ ಕೆಲಸವು ನೋಟಕ್ಕೆ ಚಿಕ್ಕದಾದರೂ, ಮರದ ಆಯ್ಕೆ, ಅಳತೆ, ಕಚ್ಚು, ಲೇಪ ಇವೆಲ್ಲವನ್ನೂ ಒಂದೇ ಸಣ್ಣ ಚೌಕಟ್ಟಿನೊಳಗೆ ಕಲಿಸಬಲ್ಲದಾದ್ದರಿಂದ, ಮರಗೆಲಸದ ಹವ್ಯಾಸವನ್ನು ಇದರಿಂದಲೇ ಆರಂಭಿಸುವುದು ಯುಕ್ತವಾಗಿದೆ. ನೈರೋಬಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಉಂಟು. ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್ ಮುಂತಾದ ಬಡಾವಣೆಗಳ ಬಾಡಿಗೆ ಮನೆಗಳಲ್ಲಿ ಅಡುಗೆಕೋಣೆಯ ಕಪಾಟುಗಳನ್ನು ಅನೇಕ ಕಡೆ ಸ್ಥಳೀಯ ‘ಫುಂಡಿ’ಗಳು, ಅಂದರೆ ಕುಶಲಕರ್ಮಿಗಳು, ಸ್ಥಳದಲ್ಲೇ ಅಳೆದು ಕಟ್ಟಿರುತ್ತಾರೆ, ಅಂಥ ಡ್ರಾಯರುಗಳ ಒಳ ಅಗಲವು ಮುಂದೊಂದು ಹಿಂದೊಂದು ಆಗಿರುವುದು ಸಾಮಾನ್ಯವಾದ್ದರಿಂದ, ಅಂಗಡಿಯಲ್ಲಿ ಸಿಗುವ ನಿಗದಿತ ಅಳತೆಯ ಪ್ಲಾಸ್ಟಿಕ್ ತಟ್ಟೆಗಳು ಒಂದೋ ಒಳಗೆ ಇಳಿಯುವುದಿಲ್ಲ, ಇಲ್ಲವೇ ಪಕ್ಕದಲ್ಲಿ ಮೂರು ಬೆರಳಿನಷ್ಟು ಜಾಗವನ್ನು ವ್ಯರ್ಥಮಾಡಿ ಪ್ರತಿ ಸಲ ಎಳೆದಾಗಲೂ ಜಾರುತ್ತವೆ.

ಈ ನಗರದಲ್ಲಿ ಮರಗೆಲಸಕ್ಕೂ ಭಾರತಕ್ಕೂ ಇರುವ ನಂಟು ನಗರದಷ್ಟೇ ಹಳೆಯದು. 1896ರಲ್ಲಿ ಮೊಂಬಾಸಾದಿಂದ ಆರಂಭವಾದ ಉಗಾಂಡಾ ರೈಲುಮಾರ್ಗವು 1899ರಲ್ಲಿ ನೈರೋಬಿಯನ್ನು ತಲುಪಿದಾಗ, ಅದನ್ನು ಕಟ್ಟಲು ಬಂದವರಲ್ಲಿ ಬಡಗಿತನ, ಕಮ್ಮಾರಿಕೆಗಳನ್ನು ಕುಲವೃತ್ತಿಯಾಗಿ ಉಳ್ಳ ಪಂಜಾಬಿನ ರಾಮಗಢಿಯಾ ಸಿಖ್ಖರೂ ಇದ್ದರು. ಇಂದು ಎನ್‌ಗಾಂಗ್ ರಸ್ತೆಯ ಬದಿಯಲ್ಲಿ ಮಂಚ, ಮೇಜುಗಳನ್ನು ಮಾಡಿ ಮಾರುವವರು ‘ಜುವಾ ಕಾಲಿ’ ಎಂಬ ವಲಯಕ್ಕೆ ಸೇರಿದವರು. ಸುಡುಬಿಸಿಲು ಎಂಬ ಅರ್ಥದ ಈ ಹೆಸರು, ಸೂರಿಲ್ಲದೆ ಬಯಲಲ್ಲೇ ದುಡಿಯುವ ಕಸುಬುದಾರರೆಲ್ಲರಿಗೂ ಅನ್ವಯಿಸುತ್ತದೆ. ಗಿಕೊಂಬಾ ಮಾರುಕಟ್ಟೆಯ ಮರದ ಅಡ್ಡೆಗಳಲ್ಲಿ ಹಲಗೆಯನ್ನು ಇಂದಿಗೂ ಅಡಿ, ಅಂಗುಲಗಳ ಲೆಕ್ಕದಲ್ಲೇ ಮಾರುತ್ತಾರೆ. ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಶಾಲೆ ಈ ಊರಿನಲ್ಲಿ ಇಲ್ಲವೆಂದೇ ಹೇಳಬೇಕು.

ಇಲ್ಲಿ ಸುಲಭವಾಗಿ ದೊರೆಯುವ ಮರಗಳೆಂದರೆ ನೆಡುತೋಪುಗಳಿಂದ ಬರುವ ಸೈಪ್ರೆಸ್ ಮತ್ತು ಪೈನ್, ಹಾಗೂ ರೈತರ ಹೊಲಗಳಿಂದ ಬರುವ ಗ್ರೆವಿಲಿಯಾ. ಮೆಕ್ಸಿಕೋ ಮೂಲದ ಸೈಪ್ರೆಸ್ ಹಗುರವಾಗಿದ್ದು ಗರಗಸಕ್ಕೆ ಸುಲಭವಾಗಿ ಒದಗುತ್ತದೆಯಾದರೂ, ಅದರ ಘಾಟು ಮುಚ್ಚಿದ ಡ್ರಾಯರಿನಲ್ಲಿ ಬಹುಕಾಲ ನಿಲ್ಲುವುದರಿಂದ ಸಾಂಬಾರ ಪದಾರ್ಥಗಳ ಹತ್ತಿರಕ್ಕೆ ಅದು ಸಲ್ಲದು. ಈ ಕೆಲಸಕ್ಕೆ ನಿಜವಾಗಿ ಒಪ್ಪುವುದು ಗ್ರೆವಿಲಿಯಾ. ಅಡ್ಡೆಗಳಲ್ಲಿ ‘ಮುಕಿಮಾ’ ಎಂದು ಕರೆಸಿಕೊಳ್ಳುವ ಈ ಮರ ಕನ್ನಡಿಗರಿಗೆ ಹೊಸತೇನಲ್ಲ. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ನೆರಳಿಗಾಗಿ ಬೆಳೆಸಿ, ಮೆಣಸಿನ ಬಳ್ಳಿ ಹಬ್ಬಿಸುವ ಸಿಲ್ವರ್ ಓಕ್ ಇದೇ. ಪೂರ್ವ ಆಸ್ಟ್ರೇಲಿಯಾದ ಈ ಮರವು ಕಾಫಿ, ಚಹಾ ತೋಟಗಳ ಜೊತೆಯಲ್ಲಿ ಕರ್ನಾಟಕದ ಮಲೆನಾಡಿಗೂ ಕೆನ್ಯಾದ ಎತ್ತರದ ನಾಡಿಗೂ ಬಂದು, ಇಂದು ಕಿಯಾಂಬು, ಮುರಾಂಗಾ, ಎಂಬು ಕಡೆಯ ಸಣ್ಣ ಹಿಡುವಳಿಗಳ ಬದುಗಳ ಮೇಲೆ ಸಾಲುಸಾಲಾಗಿ ನಿಂತಿದೆ.

ಹೆಸರಿನಲ್ಲಿ ಓಕ್ ಇದ್ದರೂ ಇದು ಓಕ್ ಕುಲದ ಮರವಲ್ಲ. ಕಾಂಡದ ತಿರುಳಿನಿಂದ ತೊಗಟೆಯ ಕಡೆಗೆ ಹಾಯುವ ಕಿರಣಗಳೆಂಬ ಜೀವಕೋಶಗಳ ಪಟ್ಟಿಗಳು ಇದರಲ್ಲಿ ಅಗಲವಾಗಿದ್ದು, ಹಲಗೆಯನ್ನು ಕಾಂಡದ ತ್ರಿಜ್ಯದ ದಿಕ್ಕಿನಲ್ಲಿ ಸೀಳಿದಾಗ ರೇಷ್ಮೆಯಂಥ ಹೊಳಪಿನ ಚುಕ್ಕೆಗಳಾಗಿ ಕಾಣುವುದರಿಂದ ಆ ಹೆಸರು ಅಂಟಿಕೊಂಡಿದೆ. ಹೀಗೆ ಸೀಳಿದ ಹಲಗೆ ನೋಡಲು ಸೊಗಸಾಗಿರುವುದಷ್ಟೇ ಅಲ್ಲ, ಸೊಟ್ಟಗಾಗುವುದೂ ಕಡಿಮೆ. ಆದರೆ ಈ ಮರದ ರಸವೂ ಹೊಟ್ಟೂ ಕೆಲವರ ಚರ್ಮಕ್ಕೆ ತುರಿಕೆ ತರುವುದರಿಂದ, ಉಜ್ಜುವಾಗ ಮೂಗಿಗೆ ಬಟ್ಟೆ, ತೋಳಿಗೆ ಉದ್ದನೆಯ ಅಂಗಿ ಇರಬೇಕು. ಹಿಟ್ಟನ್ನು ನೇರವಾಗಿ ಮರದಲ್ಲಿ ತುಂಬಿಡುವ ಆಸೆಯನ್ನೂ ಬಿಡಬೇಕು. 1926ರಲ್ಲಿ ಮಾರ್ಗರೆಟೆ ಷುಟ್ಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ರೂಪಿಸಿದ ಫ್ರಾಂಕ್‌ಫರ್ಟ್ ಅಡುಗೆಮನೆಯಲ್ಲಿ ಬೇಳೆಕಾಳುಗಳಿಗೆ ಅಲ್ಯುಮಿನಿಯಮ್ಮಿನ ಸಣ್ಣ ಡ್ರಾಯರುಗಳಿದ್ದು, ಹಿಟ್ಟಿಗೆ ಮಾತ್ರ ಹುಳು ದೂರವಿರಲೆಂದು ಓಕ್ ಮರವನ್ನು ಆರಿಸಲಾಗಿತ್ತು. ಆ ಗುಣವನ್ನು ಹೆಸರಿಗಷ್ಟೇ ಓಕ್ ಆದ ಮರದಿಂದ ನಿರೀಕ್ಷಿಸುವುದು ಸರಿಯಲ್ಲ.

ಸುಮಾರು 1,795 ಮೀಟರ್ ಎತ್ತರದಲ್ಲಿರುವ ನೈರೋಬಿಗೆ ವರ್ಷಕ್ಕೆ ಎರಡು ಮಳೆಗಾಲಗಳು: ಮಾರ್ಚ್‌ನಿಂದ ಮೇವರೆಗೆ ದೀರ್ಘ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಕಿರುಮಳೆ. ಮರವು ಗಾಳಿಯ ತೇವವನ್ನು ಹೀರಿ ಹಿಗ್ಗುವುದೂ ಒಣಹವೆಯಲ್ಲಿ ಕುಗ್ಗುವುದೂ ಎಳೆಗೆ ಅಡ್ಡಲಾಗಿಯೇ ಹೊರತು ಎಳೆಯ ಉದ್ದಕ್ಕೆ ಅಲ್ಲವೆಂಬ ನಿಯಮವನ್ನು ತಿಳಿದವರಿಗೆ ಇದರಿಂದ ಭಯವಿಲ್ಲ. ಪಟ್ಟಿಯ ಉದ್ದವನ್ನು ಎಳೆಯ ದಿಕ್ಕಿನಲ್ಲಿ ತೆಗೆದುಕೊಂಡರೆ ಹಿಗ್ಗುವುದು ಅದರ ಎತ್ತರ ಮಾತ್ರ, ಅದೂ ಕೂದಲೆಳೆಯಷ್ಟು. ಎತ್ತರವನ್ನು ಡ್ರಾಯರಿನ ಅಂಚಿಗಿಂತ 1 ಸೆಂಟಿಮೀಟರಿನಷ್ಟು ತಗ್ಗಿಸಿದ್ದರೆ ಆ ಹಿಗ್ಗು ಲೆಕ್ಕಕ್ಕೇ ಬರುವುದಿಲ್ಲ. ಬಯಲಲ್ಲಿ ಮಳೆಗೆ ನೆನೆದ ಹಲಗೆಯನ್ನು ಮಾತ್ರ ತಂದ ದಿನವೇ ಕೊಯ್ಯಬಾರದು. ನಡುವೆ ಕಡ್ಡಿಗಳನ್ನಿಟ್ಟು ಗಾಳಿಯಾಡುವಂತೆ ಮನೆಯೊಳಗೆ ಕೆಲವು ವಾರ ಪೇರಿಸಿಡಬೇಕು.

ಅಳತೆಗೆ ಟೇಪಿಗಿಂತ ಎರಡು ತೆಳುಕಡ್ಡಿಗಳು ಮೇಲು. ಅವನ್ನು ಜೋಡಿಸಿ ಹಿಡಿದು, ತುದಿಗಳು ಡ್ರಾಯರಿನ ಎರಡೂ ಗೋಡೆಗಳನ್ನು ಮುಟ್ಟುವವರೆಗೆ ಜಾರಿಸಿ, ಒಂದರ ಮೇಲೊಂದು ಬಿದ್ದ ಭಾಗದಲ್ಲಿ ಗೀಟು ಎಳೆದುಕೊಂಡರೆ ಅಂಕಿಯ ಗೊಡವೆಯಿಲ್ಲದೆ ಆ ಜಾಗದ ನಿಜವಾದ ಅಗಲ ಕೈಗೆ ಸಿಗುತ್ತದೆ. ಮುಂಭಾಗ, ನಡು, ಹಿಂಭಾಗಗಳನ್ನು ಬೇರೆಬೇರೆಯಾಗಿಯೇ ಅಳೆಯಬೇಕು. ಪಟ್ಟಿಗಳು 8 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಎರಡು ಪಟ್ಟಿಗಳು ಹಾಯುವಲ್ಲಿ ಪ್ರತಿಯೊಂದರ ಎತ್ತರದ ಅರ್ಧದಷ್ಟು ಸೀಳಿ, ಒಂದರ ಸೀಳಿಗೆ ಇನ್ನೊಂದನ್ನು ಇಳಿಸುವ ಜೋಡಣೆಗೆ ಅರ್ಧಗಚ್ಚು ಎನ್ನಬಹುದು. ಸೀಳಿನ ಅಗಲವನ್ನು ಅಳೆದು ಗುರುತಿಸದೆ, ಅದರೊಳಗೆ ಕೂರಬೇಕಾದ ಪಟ್ಟಿಯನ್ನೇ ನಿಲ್ಲಿಸಿ ಎರಡೂ ಬದಿ ಗೀಟೆಳೆದು, ಗರಗಸವನ್ನು ಗೀಟುಗಳ ಒಳಬದಿಗೆ ಓಡಿಸಿ, ಉಳಿದುದನ್ನು ಉಳಿಯಿಂದ ಸವರಿ ತೆಗೆದರೆ ಜೋಡಣೆ ಬಿಗಿಯಾಗಿ ಕೂರುತ್ತದೆ.

ಗೋಂದು ಬೇಡವೆಂಬುದೇ ಈ ಬರಹದ ಮುಖ್ಯ ವಾದ. ಡ್ರಾಯರಿನ ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದಪಟ್ಟಿಗಳ ಮೇಲಂಚಿನಲ್ಲಿ 4 ಸೆಂಟಿಮೀಟರಿಗೊಂದರಂತೆ ಹೆಚ್ಚುವರಿ ಸೀಳುಗಳನ್ನು ಮಾಡಿಟ್ಟರೆ, ಅಡ್ಡಪಟ್ಟಿಗಳನ್ನು ಎತ್ತಿ ಬೇಕಾದ ಕಡೆಗೆ ಬದಲಿಸಬಹುದು. ಕನ್ನಡಿಗರ ಅಡುಗೆಮನೆಗೆ ಇದು ಅನುಕೂಲವಷ್ಟೇ ಅಲ್ಲ, ಅಗತ್ಯ. ಏಕೆಂದರೆ ಚಮಚ, ಚಾಕು, ಫೋರ್ಕುಗಳಿಗೆಂದು ಮಾಡಿದ ತಟ್ಟೆಯಲ್ಲಿ ಲಟ್ಟಣಿಗೆ, ಮೊಗಚುವ ಕೈ, ಜಾಲರಿ ಸೌಟು, ಇಕ್ಕಳ, ಕಡಗೋಲುಗಳಿಗೆ ಸ್ಥಳವೇ ಇಲ್ಲ, ಮೇಲಾಗಿ ನೈರೋಬಿಯಲ್ಲಿ ನೆಲೆಸಿದ ಕುಟುಂಬದ ಡ್ರಾಯರಿಗೆ ಉಗಾಲಿ ಎಂಬ ಮೆಕ್ಕೆಜೋಳದ ಮುದ್ದೆಯನ್ನು ತೊಳಸುವ ‘ಮ್ವಿಕೋ’ ಎಂಬ ಮರದ ಹುಟ್ಟೂ ಬಂದು ಸೇರುತ್ತದೆ. ಉದ್ದನೆಯವಕ್ಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಪಟ್ಟಿ ಹಾಯಿಸುವುದು ಉತ್ತಮ ಉಪಾಯ. ಪಟ್ಟಿಗಳ ನಡುವಿನ ಯಾವ ಮನೆಯೂ ನಾಲ್ಕು ಬೆರಳು ಇಳಿಯುವಷ್ಟು, ಅಂದರೆ 8 ಸೆಂಟಿಮೀಟರಿನಷ್ಟು ಅಗಲಕ್ಕಿಂತ ಕಿರಿದಾಗಬಾರದು. ಬಿಡಿಬಿಡಿಯಾಗಿ ಕಳಚುವ ಚೌಕಟ್ಟನ್ನು ಹೊರತೆಗೆದು ಒರೆಸಿ, ಜಿರಲೆಗಳು ಅಡಗುವ ಸಂದುಗಳನ್ನು ಬಯಲು ಮಾಡಬಹುದು. ಬಾಡಿಗೆ ಮನೆ ಬದಲಾದಾಗ ಡ್ರಾಯರಿಗೆ ಒಂದು ಮೊಳೆಯ ಗಾಯವೂ ಆಗದಂತೆ ಜೊತೆಯಲ್ಲಿ ಒಯ್ಯಲೂಬಹುದು.

ಲೇಪಕ್ಕೆ ಎಳ್ಳೆಣ್ಣೆ, ಕಡಲೆಕಾಯಿ ಎಣ್ಣೆಗಳನ್ನು ಬಳಸುವ ಅಭ್ಯಾಸ ತಪ್ಪು. ಅವು ಮರದೊಳಗೆ ಗಟ್ಟಿಯಾಗದೆ ಜಿಗುಟಾಗಿ ಉಳಿದು ಕಮಟುತ್ತವೆ. ಔಷಧದಂಗಡಿಯ ಲಿಕ್ವಿಡ್ ಪ್ಯಾರಾಫಿನ್ನಿಗೆ ಸ್ವಲ್ಪ ಜೇನುಮೇಣ ಕರಗಿಸಿ ತೆಳುವಾಗಿ ತಿಕ್ಕಿದರೆ ಸಾಕು. ಅರಿಸಿನದ ಕಲೆಯನ್ನು ಯಾವ ಲೇಪವೂ ತಡೆಯಲಾರದಾದ್ದರಿಂದ ಪುಡಿಗಳು ಒಗ್ಗರಣೆ ಡಬ್ಬಿಯಲ್ಲೇ ಇರಲಿ.

2018ರ ಫೆಬ್ರವರಿಯಲ್ಲಿ ಕೆನ್ಯಾ ಸರ್ಕಾರವು ಸಾರ್ವಜನಿಕ ಹಾಗೂ ಸಮುದಾಯದ ಅರಣ್ಯಗಳಲ್ಲಿ ಮರ ಕಡಿಯುವುದನ್ನು ತಡೆಹಿಡಿದು, 2023ರ ಜುಲೈವರೆಗೂ ಆ ತಡೆ ಮುಂದುವರಿದಾಗ, ಹೊಲಗಳ ಬದುಗಳಲ್ಲಿ ಬೆಳೆದ ಮುಕಿಮಾದ ಬೆಲೆ ಏನೆಂಬುದು ಬಡಗಿಗಳಿಗೆಲ್ಲ ಅರಿವಾಯಿತು. ಆದರೂ ಒಂದೆರಡು ಅಡಿಯ ತುಂಡುಗಳು ಇಂದಿಗೂ ಸೌದೆಯಾಗಿ ಒಲೆ ಸೇರುತ್ತಿವೆ. ಡ್ರಾಯರಿನ ಪಟ್ಟಿಗೆ ಅದಕ್ಕಿಂತ ಉದ್ದದ ಮರ ಬೇಕಿಲ್ಲ. ಆದ್ದರಿಂದ ಇಡೀ ಹಲಗೆಗೆ ಹಣ ತೆರುವ ಮೊದಲು, ಈ ಕೆಲಸಕ್ಕೆ ಕೈಹಾಕುವ ಓದುಗರು ಫುಂಡಿಯ ಬಳಿ ಆ ತುಂಡುಗಳನ್ನೇ ಕೇಳಿ, ಅಲ್ಲಿಯೇ ಯಂತ್ರದಲ್ಲಿ 8 ಮಿಲಿಮೀಟರಿಗೆ ಹೆರೆಸಿಕೊಂಡು ತರಬೇಕು.