ಗೀಜಗನ ಅರೆಗೂಡು

ಮುಂಗಾರು ಹಿಡಿದ ಮೇಲೆ ಧಾರವಾಡದ ಕೆಲಗೇರಿಯಿಂದ ಹುಬ್ಬಳ್ಳಿಯ ಉಣಕಲ್‌ವರೆಗೆ ಎಲ್ಲೇ ಹೋಗಿ, ನೀರಿನತ್ತ ಬಾಗಿದ ಜಾಲಿಮರ ಕಂಡರೆ ನಿಂತು ನೋಡಿ. ಉಳಿದ ದಿನಗಳಲ್ಲಿ ಗುಬ್ಬಿಯಂತೆಯೇ ಕಾಣುವ ಗಂಡು ಗೀಜಗ ಈಗ ನೆತ್ತಿ, ಎದೆಗೆಲ್ಲ ಅಚ್ಚ ಹಳದಿ ತೊಟ್ಟಿರುತ್ತದೆ. ಕೆನ್ನೆ, ಗಂಟಲು ಕಪ್ಪುಗಂದು. ಎದೆಯ ಮೇಲೆ ದಟ್ಟ ಗೆರೆಗಳಿದ್ದರೆ ಅದು ಇದರ ದಾಯಾದಿ, ಗೆರೆ ಗೀಜಗ. ಹೆಣ್ಣು ಮಾತ್ರ ಮಳೆಗಾಲದಲ್ಲೂ ಮಾಸಲು ಕಂದು.

ನನಗೆ ಅತಿ ಇಷ್ಟವಾದದ್ದು ಗಂಡಿನ ಕೊಕ್ಕಿನ ಕೆಲಸ. ಭತ್ತದ ಗರಿಯ ಅಂಚನ್ನು ಕಚ್ಚಿ, ಹಾಗೇ ಹಾರಿದರೆ ಉದ್ದನೆಯ ಎಳೆ ಸೀಳಿ ಬರುತ್ತದೆ. ಅದನ್ನು ಟೊಂಗೆಗೆ ಸುತ್ತಿ, ತೂರಿಸಿ, ಜಗ್ಗಿ ಗಂಟು ಹಾಕುತ್ತದೆ. ಮೊದಲು ಒಂದು ಬಳೆ, ಆಮೇಲೆ ಅದರ ಮೇಲೆ ಚಾವಣಿ. ಒಳಗೋಡೆಗೆ ಹಸಿ ಮಣ್ಣನ್ನೂ ಮೆತ್ತುತ್ತದೆ. ಗೂಡು ಅರ್ಧವಾದಾಗ ಹೆಣ್ಣುಗಳು ಬರುತ್ತವೆ. ಗಂಡುಗಳೆಲ್ಲ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತ ಕೂಗುತ್ತವೆ. ಎಂಥ ಗದ್ದಲ! ಹೆಣ್ಣು ಒಳಹೊಕ್ಕು, ಎಳೆಗಳನ್ನು ಜಗ್ಗಿ ನೋಡುತ್ತದೆ. ಒಪ್ಪಿದರಷ್ಟೇ ಮೊಟ್ಟೆಯ ಕೋಣೆ, ಕೆಳಗಿಳಿಯುವ ಉದ್ದನೆಯ ಕೊಳವೆ ಪೂರ್ತಿಯಾಗುವುದು. ಪಕ್ಷಿತಜ್ಞ ಸಲೀಂ ಅಲಿ 1930ರ ಸುಮಾರಿಗೆ ಮುಂಬಯಿ ಕರಾವಳಿಯಲ್ಲಿ ಕುಳಿತು ಗಮನಿಸಿ ಬರೆದಂತೆ, ಹೆಣ್ಣು ಕಾವಿಗೆ ಕೂತೊಡನೆ ಗಂಡು ಅದೇ ಮರದಲ್ಲಿ ಇನ್ನೊಂದು ಗೂಡಿನ ಮೊದಲ ಗಂಟು ಹಾಕುತ್ತದೆ.