ಗೋರಕ್ಷನ ವಜ್ರಕಾಯ: ಒಂದು ಪುನರ್ವಿವೇಚನೆ

ಅಲ್ಲಮಪ್ರಭುದೇವರು ಗೋರಕ್ಷನನ್ನು ಸಂಧಿಸುವ ಪ್ರಸಂಗವು ಶೂನ್ಯಸಂಪಾದನೆಯ ಪ್ರಸಿದ್ಧ ಭಾಗಗಳಲ್ಲೊಂದು. ಚಾಮರಸನೂ ತನ್ನ ಪ್ರಭುಲಿಂಗಲೀಲೆಯಲ್ಲಿ ಇದನ್ನು ವರ್ಣಿಸಿದ್ದಾನೆ. ಹಠಯೋಗದಿಂದ ದೇಹವನ್ನು ವಜ್ರದಂತೆ ಮಾಡಿಕೊಂಡ ಗೋರಕ್ಷನು ತನ್ನನ್ನು ಖಡ್ಗದಿಂದ ಹೊಡೆದು ನೋಡೆಂದು ಪ್ರಭುವಿಗೆ ಹೇಳುತ್ತಾನೆ. ಹೊಡೆದಾಗ ದೇಹಕ್ಕೆ ಗಾಯವಾಗುವುದಿಲ್ಲ. ಖಣಿಲೆಂಬ ಶಬ್ದವಷ್ಟೇ ಏಳುತ್ತದೆ. ಬಳಿಕ ಅದೇ ಖಡ್ಗವನ್ನು ಗೋರಕ್ಷನು ಪ್ರಭುವಿನ ಮೇಲೆ ಬೀಸಿದರೆ ಅದು ಬಯಲಲ್ಲಿ ಬೀಸಿದಂತೆ ನಿಶ್ಶಬ್ದವಾಗಿ ಹಾದುಹೋಗುತ್ತದೆ.

ಶರಣರು ದೇಹಸಾಧನೆಯನ್ನು ತಿರಸ್ಕರಿಸಿದರು ಎಂಬುದಕ್ಕೆ ಈ ಪ್ರಸಂಗವನ್ನು ಸಾಕ್ಷಿಯಾಗಿ ಹೇಳುವುದು ರೂಢಿ. ನಾನೂ ತರಗತಿಯಲ್ಲಿ ಬಹುಕಾಲ ಹಾಗೆಯೇ ಪಾಠ ಹೇಳಿದೆ. ನಿತ್ಯವೂ ಗರಡಿಗೆ ಹೋಗುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು, ‘ನೀನು ಗೋರಕ್ಷನಾಗಬೇಡವಪ್ಪಾ’ ಎಂದು ಎಲ್ಲರೆದುರು ಹಾಸ್ಯ ಮಾಡಿದ್ದೂ ಉಂಟು. ಹುಡುಗರು ನಕ್ಕರು, ಅವನು ಗರಡಿಯನ್ನು ಬಿಟ್ಟನು. ನಿವೃತ್ತನಾದ ಮೇಲೆ ಗ್ರಂಥವನ್ನು ನಿಧಾನವಾಗಿ ಓದಿದಾಗ, ತಪ್ಪಿದ್ದು ಅವನಲ್ಲ, ನನ್ನ ವ್ಯಾಖ್ಯಾನ ಎಂಬುದು ಮನವರಿಕೆಯಾಯಿತು.

ಪ್ರಸಂಗದ ಮರ್ಮವು ಆ ಶಬ್ದದಲ್ಲಿದೆ. ಶಬ್ದ ಹುಟ್ಟಬೇಕಾದರೆ ಎರಡು ವಸ್ತುಗಳು ಒಂದಕ್ಕೊಂದು ಎದುರಾಗಬೇಕು. ಗೋರಕ್ಷನ ದೇಹವು ಖಡ್ಗಕ್ಕೆ ಎದುರಾಗಿ ನಿಂತಿತು. ‘ಇದು ನನ್ನದು, ಇದು ಅಳಿಯದು’ ಎಂಬ ಭಾವವೇ ಅಲ್ಲಿ ಗಟ್ಟಿಯಾಗಿತ್ತು. ಪ್ರಭುವು ಖಂಡಿಸಿದ್ದು ಈ ಅಹಂಭಾವವನ್ನೇ ಹೊರತು ಅಭ್ಯಾಸವನ್ನಲ್ಲ. ಅಭ್ಯಾಸವೇ ದೋಷವಾಗಿದ್ದರೆ ಗೋರಕ್ಷನು ಉಪದೇಶಕ್ಕೆ ಅಪಾತ್ರನಾಗಬೇಕಾಗಿತ್ತು. ಆದರೆ ಆತನೇ ಗರ್ವವಳಿದು ಶರಣಾಗುತ್ತಾನೆ, ಪ್ರಭುವಿನ ಕೃಪೆಗೆ ಪಾತ್ರನಾಗುತ್ತಾನೆ. ಅಷ್ಟು ಕಾಲದ ಸಾಧನೆಯಿಂದ ಬಂದ ಏಕಾಗ್ರತೆಯೇ ಅವನನ್ನು ಆ ಕ್ಷಣಕ್ಕೆ ಸಿದ್ಧಗೊಳಿಸಿತೆಂದು ತಿಳಿಯುವುದರಲ್ಲಿ ಅನೌಚಿತ್ಯವಿಲ್ಲ.

ಶರಣರ ಉಳಿದ ಆಚಾರವೂ ಇದನ್ನೇ ಸಮರ್ಥಿಸುತ್ತದೆ. ಬಸವಣ್ಣನವರು ಒಡಲನ್ನು ಗುಡಿಗೆ ಹೋಲಿಸಿದರು. ಗುಡಿಯೇ ದೇವರೆಂದು ಬಗೆಯುವುದು ಅಜ್ಞಾನ. ಗುಡಿಯನ್ನು ಪಾಳುಗೆಡಹುವುದು ಭಕ್ತಿಯಲ್ಲ. ಇಷ್ಟಲಿಂಗವನ್ನು ಎಡಗೈಯಲ್ಲಿರಿಸಿ, ಬೆನ್ನು ನೇರವಾಗಿ ಕುಳಿತು, ದೃಷ್ಟಿಯನ್ನು ನೆಲೆಗೊಳಿಸುವ ಶಿವಯೋಗದಲ್ಲಿ ಕಾಯ, ಪ್ರಾಣ, ಮನಗಳು ಒಟ್ಟಿಗೇ ಪಳಗುತ್ತವೆ. ಇನ್ನು ಆಯ್ದಕ್ಕಿ ಮಾರಯ್ಯನ ಕಥೆಯನ್ನು ನೋಡಿರಿ. ತತ್ತ್ವಚಿಂತನೆಯಲ್ಲಿ ಮೈಮರೆತ ಗಂಡನನ್ನು ಲಕ್ಕಮ್ಮನು ಕಾಯಕ ನಿಂತಿತೆಂದು ಎಚ್ಚರಿಸುತ್ತಾಳೆ. ಚೆಲ್ಲಿದ ಅಕ್ಕಿಯನ್ನು ಬಾಗಿ ಬಾಗಿ ಆಯುವ ದುಡಿಮೆಯು ಬ್ರಹ್ಮವಿಚಾರಕ್ಕಿಂತ ಕೀಳಲ್ಲವೆಂದು ಆ ತಾಯಿ ತಿಳಿದಿದ್ದಳು.

ದೇಹವನ್ನು ಹೊಲಸಿನ ಗಡಿಗೆಯಂತೆ ಕಾಣುವ ವಚನಗಳೂ ಇಲ್ಲವೇ ಎಂದು ವಾಚಕರು ಕೇಳಬಹುದು. ಇವೆ, ಅಕ್ಕಮಹಾದೇವಿಯಲ್ಲಿಯೂ ಇವೆ. ಆದರೆ ಅವು ಮೋಹದ ವಿರುದ್ಧ ಎತ್ತಿದ ಮಾತುಗಳೇ ಹೊರತು ದೇಹವನ್ನು ನಿರ್ಲಕ್ಷಿಸಿರೆಂಬ ವಿಧಿಗಳಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ಅತಿಯೂ ಇಂದು ತಲೆದೋರಿದೆ. 2015ರಿಂದ ಪ್ರತಿವರ್ಷ ಜೂನ್ 21ರಂದು ಆಚರಿಸುವ ಯೋಗದಿನದ ಸಭೆಗಳಲ್ಲಿ ವಚನಗಳನ್ನು ಆರೋಗ್ಯಸೂತ್ರಗಳೆಂಬಂತೆ ಉದಾಹರಿಸುವುದನ್ನು ಕೇಳಿದ್ದೇನೆ. ಆಸನ ಪ್ರಾಣಾಯಾಮಗಳು ಹಿತಕರ. ಆದರೆ ಭಕ್ತಿಯಿದ್ದವನಿಗೆ ರೋಗವೇ ಬಾರದೆಂಬ ಮಾತು ಗೋರಕ್ಷನ ಹಳೆಯ ಗರ್ವವೇ ಬೇರೆ ವೇಷದಲ್ಲಿ ಬಂದಂತೆ. ಹಾಸಿಗೆ ಹಿಡಿದ ಭಕ್ತನ ಭಕ್ತಿ ಕಡಿಮೆಯೆಂದು ಯಾರೂ ಅಳೆಯಬಾರದು. ಅವನಿಗೆ ವೈದ್ಯನೂ ಬೇಕು, ಲಿಂಗಪೂಜೆಯೂ ಬೇಕು. ಒಂದು ಇನ್ನೊಂದರ ಸ್ಥಾನವನ್ನು ತುಂಬಲಾರದು.

ಆದುದರಿಂದ ಈ ಪ್ರಸಂಗವನ್ನು ಬೋಧಿಸುವ ಅಧ್ಯಾಪಕಮಿತ್ರರಲ್ಲಿ ನನ್ನದೊಂದು ಬಿನ್ನಹ. ಗರಡಿಯಿಂದ ಬರುವ ಹುಡುಗನನ್ನು ನಗೆಗೀಡು ಮಾಡಬೇಡಿರಿ. ಮೈಯನ್ನು ಗಟ್ಟಿಮಾಡಿಕೊಳ್ಳಲೆಂದು ಹರಸಿ, ಅದರಿಂದ ಯಾರಿಗೆ ಉಪಯೋಗವೆಂದು ಮಾತ್ರ ಕೇಳಿರಿ. ಪ್ರಭುವು ಗೋರಕ್ಷನಿಗೆ ಕಲಿಸಿದ್ದು ಅಷ್ಟನ್ನೇ. ನಾನು ಅದನ್ನು ಕಲಿತದ್ದು ತಡವಾಗಿ. ಈಗ ಮೊಣಕಾಲು ನೋಯುತ್ತಿದ್ದರೂ ಮುಂಜಾನೆ ಕೆರೆಯ ಏರಿಯ ಮೇಲೆ ನಡೆದುಬಂದು ಪೂಜೆಗೆ ಕುಳಿತುಕೊಳ್ಳುತ್ತೇನೆ. ನಡಿಗೆಯಿಲ್ಲದ ದಿನ ಪೂಜೆಯಲ್ಲಿ ಮನಸ್ಸು ಅಷ್ಟಾಗಿ ನಿಲ್ಲುವುದಿಲ್ಲ.