ಬಿಳಿ ಅಂಗಿ, ಜೀನ್ಸ್, ಬರಿಗಾಲು

ಕಾಮಿಕ್ಸ್ ಅಭಿಮಾನಿಗಳ ಮೇಳವಾದ ಬೆಂಗಳೂರಿನ ಕಾಮಿಕ್ ಕಾನ್‌ಗೆ ಹೋದವರು ಜೋಕರ್‌ಗಳನ್ನು ನೋಡದೆ ಬರುವುದು ಕಷ್ಟ. ನೇರಳೆ ಕೋಟು, ಹಸಿರು ಕೂದಲು, ಬಿಳಿ ಬಳಿದ ಮುಖ, ಕೆನ್ನೆಯವರೆಗೆ ಎಳೆದ ಕೆಂಪು ಬಾಯಿ. ಎಲ್ಲರ ಗುರುತೂ ಸಿಗುತ್ತದೆ. ಮೆಟ್ರೊ ಹತ್ತುವ ಹೊತ್ತಿಗೆ ಒಬ್ಬರೂ ನೆನಪಿರುವುದಿಲ್ಲ. ತಪ್ಪು ಕೋಟಿನದಲ್ಲ. 2008ರ ‘ದಿ ಡಾರ್ಕ್ ನೈಟ್’ ಚಿತ್ರಕ್ಕೆ ಲಿಂಡಿ ಹೆಮಿಂಗ್ ವಿನ್ಯಾಸ ಮಾಡಿದ ಆ ಕೋಟಿನ ನಕಲು ಈಗ ಆನ್‌ಲೈನ್‌ನಲ್ಲಿ ಸಿದ್ಧವಾಗಿಯೇ ಸಿಗುತ್ತದೆ. ಎಡವಟ್ಟಾಗುವುದು ಬಣ್ಣದಲ್ಲಿ, ಅದೂ ಬಣ್ಣ ಚೆನ್ನಾಗಿರುವುದರಿಂದ. ಆ ಚಿತ್ರದಲ್ಲಿ ಹೀತ್ ಲೆಜರ್‌ನ ಜೋಕರ್ ಕನ್ನಡಿ ನೋಡದೆ ಬೆರಳಲ್ಲೇ ಬಳಿದುಕೊಂಡು, ಅದರಲ್ಲೇ ಬೆವೆತು, ಅದರಲ್ಲೇ ಮಲಗಿ ಎದ್ದವನಂತೆ ಕಾಣುತ್ತಾನೆ. ಹಣೆಯ ಸುಕ್ಕುಗಳಲ್ಲಿ ಬಿಳಿ ಬಿರಿದಿದೆ, ಕಣ್ಣಿನ ಕಪ್ಪು ಕೆಳಗಿಳಿದಿದೆ. ನಮ್ಮ ಹುಡುಗರು ಅದನ್ನೇ ಅಂಚು ತಿದ್ದಿ, ತೀಡಿ, ನೀಟಾಗಿ ಮಾಡಿಸಿಕೊಂಡು ಬರುತ್ತಾರೆ. ನೀಟಾದ ಜೋಕರ್ ಜೋಕರೇ ಅಲ್ಲ.

ಹೀಗೆ ಪಾತ್ರಗಳ ವೇಷ ತೊಡುವ ಕಾಸ್‌ಪ್ಲೇ ಅಂದರೆ ಪಾತ್ರವೊಂದನ್ನು ಓದುವ ಬಗೆ ಎಂಬುದು ನನ್ನ ವಾದ. ವಿಮರ್ಶಕರು ಪೆನ್ನು ಹಿಡಿದು ಮಾಡುವುದನ್ನು ಇವರು ಕತ್ತರಿ, ಸೂಜಿ, ಅಂಟು ಮತ್ತು ತಮ್ಮದೇ ಬೆನ್ನುಮೂಳೆಯಿಂದ ಮಾಡುತ್ತಾರೆ: ಈ ಪಾತ್ರದಲ್ಲಿ ಯಾವುದಿಲ್ಲದೆ ಆಗದು, ಯಾವುದನ್ನು ಬಿಟ್ಟರೂ ನಡೆದೀತು ಎಂದು ತೀರ್ಮಾನಿಸುತ್ತಾರೆ. ಶಾಲೆಯ ಛದ್ಮವೇಷ ಸ್ಪರ್ಧೆಯಲ್ಲಿ ಈ ತೀರ್ಮಾನ ಬೇಕಿಲ್ಲ. ದುಂಡು ಕನ್ನಡಕ, ಕೋಲು ಇದ್ದರೆ ಗಾಂಧೀಜಿ; ಬಾಡಿಗೆ ಅಂಗಡಿಯ ಕತ್ತಿ, ಕಿರೀಟ ಇದ್ದರೆ ಕಿತ್ತೂರು ಚೆನ್ನಮ್ಮ; ಮಗು ಎರಡು ಮಾತು ಒಪ್ಪಿಸಿದರೆ ಚಪ್ಪಾಳೆ. ಗುರುತು ಸಿಕ್ಕಲ್ಲಿಗೆ ಕೆಲಸ ಮುಗಿಯಿತು. ನಮ್ಮ ಕಾಸ್‌ಪ್ಲೇಯ ದೊಡ್ಡ ಪಾಲು ಇನ್ನೂ ಅಲ್ಲೇ ನಿಂತಿದೆ. ಖರ್ಚು ಮಾತ್ರ ಹೆಚ್ಚಿದೆ.

ಒಂದು ಕಾಲಕ್ಕೆ ಅಷ್ಟೇ ಸಾಕಾಗುತ್ತಿತ್ತು ಕೂಡ. 1939ರ ಜುಲೈನಲ್ಲಿ ನ್ಯೂಯಾರ್ಕ್‌ನಲ್ಲಿ ಮೊದಲ ವಿಶ್ವ ವೈಜ್ಞಾನಿಕ ಕಥಾ ಸಮಾವೇಶ ನಡೆದಾಗ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಮನುಷ್ಯರಂತೆ ಉಡುಪು ತೊಟ್ಟು ಬಂದರು. ಉಳಿದವರದು ಮಾಮೂಲಿ ಬಟ್ಟೆ. ಎದ್ದು ಕಾಣಲು ವೇಷ ಹಾಕಿದ್ದೇ ಸಾಕಾಯಿತು. (ಎರಡೂ ಉಡುಪು ಹೊಲಿದವರು ಮರ್ಟಲ್, ಬಹುಕಾಲ ದೊಡ್ಡದಾಗಿ ಕೇಳಿಬಂದ ಹೆಸರು ಆಕರ್‌ಮನ್ ಅವರದು. ಹೊಲಿಯುವವರ ಪಾಡು ಅಂದಿನಿಂದಲೂ ಹೀಗೇ.) ಇಂದು ಕಾಮಿಕ್ ಕಾನ್ ನಡೆಯುವ ವೈಟ್‌ಫೀಲ್ಡಿನ ಕೆಟಿಪಿಒ ಸಭಾಂಗಣದಲ್ಲಿ ಹೆಜ್ಜೆಗೊಬ್ಬರು ವೇಷಧಾರಿ. ವೇಷ ತೊಟ್ಟ ಮಾತ್ರಕ್ಕೆ ಯಾರೂ ತಿರುಗಿ ನೋಡುವುದಿಲ್ಲ.

ಹಾಗಾದರೆ ಯಾರನ್ನು ತಿರುಗಿ ನೋಡುತ್ತಾರೆ? ನನ್ನ ಮಟ್ಟಿಗೆ ಇದಕ್ಕೆ ಒಳ್ಳೆಯ ಪರೀಕ್ಷೆ ‘ಡೆತ್ ನೋಟ್’ನ ಎಲ್. ತ್ಸುಗುಮಿ ಓಬಾ ಬರೆದು ತಾಕೆಶಿ ಒಬಾತಾ ಚಿತ್ರ ಬಿಡಿಸಿದ, 2003ರಿಂದ 2006ರವರೆಗೆ ಧಾರಾವಾಹಿಯಾಗಿ ಬಂದ ಜಪಾನಿ ಮಾಂಗಾದ ಪತ್ತೇದಾರ ಅವನು. ಉಡುಪು ಅಂದರೆ ಸಡಿಲವಾದ ತುಂಬುತೋಳಿನ ಬಿಳಿ ಅಂಗಿ, ನೀಲಿ ಜೀನ್ಸ್, ಬರಿಗಾಲು. ಕೆದರಿದ ಕಪ್ಪು ಕೂದಲು, ಕಣ್ಣ ಕೆಳಗೆ ನಿದ್ದೆಗೆಟ್ಟ ಕಲೆ. ಹೊಸದಾಗಿ ಕೊಳ್ಳಬೇಕಾದದ್ದು ಹೆಚ್ಚೆಂದರೆ ಒಂದು ಕಾಡಿಗೆ ಡಬ್ಬಿ. ಸುಮ್ಮನೆ ನಿಂತರೆ ಇವನು ಯಾರೂ ಅಲ್ಲ, ಹಾಸ್ಟೆಲಿನಿಂದ ನೇರ ಎದ್ದು ಬಂದ ಎಂಜಿನಿಯರಿಂಗ್ ವಿದ್ಯಾರ್ಥಿ. ಆದರೆ ಕುರ್ಚಿಯ ಮೇಲೆ ಎರಡೂ ಪಾದ ಊರಿ ಕುಕ್ಕರಗಾಲಿನಲ್ಲಿ ಕೂತು, ಮೊಣಕಾಲನ್ನು ಎದೆಗೆ ತಂದು, ಹೆಬ್ಬೆರಳನ್ನು ತುಟಿಗೊತ್ತಿ, ಫೋನನ್ನು ಎರಡೇ ಬೆರಳ ತುದಿಯಲ್ಲಿ ತೂಗುಬಿಟ್ಟು ಹಿಡಿದನೋ, ಆ ಪಾತ್ರ ಪೂರ್ತಿಯಾಗಿ ಅಲ್ಲಿ ಬಂದು ಕೂರುತ್ತದೆ. ಎಲ್ಲರಂತೆ ಕೂತರೆ ತನ್ನ ತರ್ಕಶಕ್ತಿ ಶೇ 40ರಷ್ಟು ಇಳಿಯುತ್ತದೆ ಎಂದು ಕಥೆಯಲ್ಲಿ ಎಲ್‌ನೇ ಹೇಳಿಕೊಳ್ಳುತ್ತಾನೆ. ಅವನ ಬುದ್ಧಿಗೂ ಆ ಭಂಗಿಗೂ ಅಷ್ಟು ನಂಟು. ಇದು ಗೊತ್ತಿದ್ದವರು ಸಂದಣಿಯಲ್ಲಿ ನಡೆಯುವಾಗಲೂ ಬೆನ್ನು ಬಾಗಿಸಿ, ಕೈ ಜೇಬಿಗಿಳಿಸಿ, ಮಳಿಗೆಗಳನ್ನೆಲ್ಲ ಅನುಮಾನದಿಂದ ದಿಟ್ಟಿಸುತ್ತ ಹೋಗುತ್ತಾರೆ. ಕ್ಯಾಮೆರಾ ಎತ್ತಿದ ಕೂಡಲೇ ಹಲ್ಲುಬಿಟ್ಟು ಎರಡು ಬೆರಳು ತೋರಿಸುವವರು ಬರೀ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದಾರೆ, ಅಷ್ಟೆ.

ಚಿತ್ರದಲ್ಲಿರುವುದನ್ನು ಇದ್ದಂತೆಯೇ ತಂದರಾಯಿತಲ್ಲ ಎನ್ನುವವರಿದ್ದಾರೆ. ಅವರಿಗೆ ಒಸಾಮು ತೆಜುಕಾ ಅವರ ಆಸ್ಟ್ರೋ ಬಾಯ್‌ನನ್ನು ತೋರಿಸಬೇಕು. ಅವನ ತಲೆಯ ಮೇಲೆ ಎರಡು ಚೂಪು ಜುಟ್ಟು. ಎಡಕ್ಕೆ ತಿರುಗಲಿ, ಬಲಕ್ಕೆ ತಿರುಗಲಿ, ಎರಡೂ ಓದುಗರಿಗೆ ಕಾಣುತ್ತವೆ. ಒಂದು ಇನ್ನೊಂದರ ಹಿಂದೆ ಅಡಗುವುದಿಲ್ಲ. ಮಿಕ್ಕಿ ಮೌಸ್‌ನ ಕಿವಿಗಳದೂ ಇದೇ ಕಥೆ. ಕಾಗದದ ಮೇಲೆ ಇದು ನಡೆಯುತ್ತದೆ, ಮನುಷ್ಯರ ತಲೆಯ ಮೇಲೆ ನಡೆಯುವುದಿಲ್ಲ. ‘ಡ್ರ್ಯಾಗನ್ ಬಾಲ್’ನ ಗೋಕುವಿನ ಕೂದಲಂತೂ ಗುರುತ್ವಾಕರ್ಷಣೆಗೆ ಸೊಪ್ಪೇ ಹಾಕುವುದಿಲ್ಲ. ವಿಗ್‌ನೊಳಗೆ ಫೋಮ್ ತುಂಬಿ, ಹೇರ್‌ಸ್ಪ್ರೇ ಹೊಡೆದು, ಅಂಟು ಹಚ್ಚಿ ನಿಲ್ಲಿಸಿದರೂ ಎದುರಿನಿಂದ ಗೋಕು, ಪಕ್ಕದಿಂದ ಬೇರೆ ಯಾರೋ. ಯಾವ ಕೋನವನ್ನು ಉಳಿಸಿಕೊಳ್ಳುವುದು, ಯಾವುದನ್ನು ಕೈಬಿಡುವುದು ಎಂದು ಮಾಡುವವರು ನಿರ್ಧರಿಸಲೇಬೇಕು. ವಿಗ್ ಮುಂದೆ ನಿಂತಾಗ ನಾನು ನೋಡುವುದು ಈ ನಿರ್ಧಾರವನ್ನು. ಎಳೆಗಳು ಎಷ್ಟು ಹೊಳೆಯುತ್ತವೆ ಎಂಬುದನ್ನಲ್ಲ.

ಇದ್ದಂತೆಯೇ ತರಲು ಸಾಧ್ಯವಿರುವ ಕಡೆಯೂ ಇದೆ. 1997ರಲ್ಲಿ ಅಮೆರಿಕದಲ್ಲಿ ಆಲ್ಬಿನ್ ಜಾನ್ಸನ್ ಹುಟ್ಟುಹಾಕಿದ 501ನೇ ಲೀಜನ್, ‘ಸ್ಟಾರ್ ವಾರ್ಸ್’ನ ಖಳರ ಪಾಳೆಯದ ವೇಷ ತೊಡುವವರ ಸಂಘ. ಸದಸ್ಯರಾಗಬೇಕಾದರೆ ಉಡುಪಿನ ಫೋಟೊಗಳನ್ನು ಒಪ್ಪಿಸಬೇಕು. ಪಾತ್ರಕ್ಕೊಂದರಂತೆ ಬರೆದಿಟ್ಟ ಮಾನದಂಡದ ಪಕ್ಕ ಇಟ್ಟು ನೋಡಿ, ಸರಿಯಿದ್ದರೆ ಮಾತ್ರ ಒಪ್ಪಿಗೆ. ತಮಾಷೆ ಎಂದರೆ, 1977ರ ಚಿತ್ರಕ್ಕಾಗಿ ಪ್ಲಾಸ್ಟಿಕ್ ಹಾಳೆ ಕಾಯಿಸಿ ಅಚ್ಚಿನ ಮೇಲೆ ಎಳೆದು ಮಾಡಿದ ಸ್ಟಾರ್ಮ್‌ಟ್ರೂಪರ್ ಹೆಲ್ಮೆಟ್‌ಗಳಲ್ಲಿ ಎಡ ಬಲ ಸರಿಸಮವಿರಲಿಲ್ಲ. ಇಂದಿನ ಅಭಿಮಾನಿಗಳು ಆ ಸೊಟ್ಟತನವನ್ನೂ ಶ್ರದ್ಧೆಯಿಂದ ನಕಲು ಮಾಡುತ್ತಾರೆ. ಕಸುಬಿಗೆ ಕೈಮುಗಿಯಬೇಕು. ಆದರೆ ಆ ಸಾಲಿನಲ್ಲಿ ಒಬ್ಬರು ಎದ್ದು ಕಂಡರೆ ಅವರು ಸೋತಂತೆ, ಏಕೆಂದರೆ ಸ್ಟಾರ್ಮ್‌ಟ್ರೂಪರ್‌ಗೆ ಮುಖವೇ ಇರಬಾರದು. ಹತ್ತು ಮಂದಿ ಒಂದೇ ಹೆಜ್ಜೆಯಲ್ಲಿ ಬಂದಾಗ ಮೈ ಜುಮ್ಮೆನ್ನುತ್ತದೆ. ಅದೇ ಉಡುಪಿನಲ್ಲಿ ಒಬ್ಬನೇ ತಿಂಡಿ ಮಳಿಗೆಯ ಸರದಿಯಲ್ಲಿ ನಿಂತಾಗ ಪಾಪ ಅನಿಸುತ್ತದೆ.

ಇನ್ನು ಕೈಕೆಲಸ. ದೂರದಿಂದ ಎಲ್ಲ ರಕ್ಷಾಕವಚವೂ ಉಕ್ಕೇ. ಹತ್ತಿರ ಹೋದರೆ ಹೆಚ್ಚಿನವು ಮಕ್ಕಳ ಆಟದ ಕೋಣೆಗೆ ಹಾಸುವ ಇವಿಎ ಫೋಮ್. ಇದರಲ್ಲಿ ಅವಮಾನವೇನಿಲ್ಲ, ಅದು ಹಗುರ, ಅಗ್ಗ, ಹೀಟ್ ಗನ್ ಹಿಡಿದರೆ ಹೇಳಿದಂತೆ ಬಾಗುತ್ತದೆ. ಬಣ್ಣ ಹಚ್ಚುವ ಮುಂಚೆ ಅದೇ ಹೀಟ್ ಗನ್‌ನಿಂದ ಮೇಲ್ಮೈಯ ಸಣ್ಣ ರಂಧ್ರಗಳನ್ನು ಮುಚ್ಚಬೇಕು, ಇಲ್ಲದಿದ್ದರೆ ಫೋಮ್ ಬಣ್ಣವನ್ನೆಲ್ಲ ಕುಡಿದು ಮಂಕಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಎಲ್‌ಇಡಿ ಪಟ್ಟಿ ತಂದು ಎದೆಗೆ ಅಂಟಿಸುವುದು ಸುಲಭ. ಎರಡು ತುಂಡು ಕೂಡಿದ ಗೆರೆಯನ್ನು ತುಂಬಿ, ಉಜ್ಜಿ ಮರೆಸುವುದು ಕಷ್ಟ. ಕೊಳೆ ಹಚ್ಚುವುದು ಅದಕ್ಕಿಂತ ಕಷ್ಟ. ತೆಳು ಮಾಡಿದ ಕಪ್ಪು ಬಣ್ಣ ಬಳಿದು ಒರೆಸಿದರೆ ಸಂದುಗಳಲ್ಲಿ ಉಳಿಯುತ್ತದೆ, ಹಳತಾದಂತೆ ಕಾಣುತ್ತದೆ. ಬಹಳ ಜನ ಇದನ್ನು ಮೈತುಂಬ ಒಂದೇ ಸಮ ಮಾಡುತ್ತಾರೆ. ಬಲಗೈಯಲ್ಲಿ ಕತ್ತಿ ಹಿಡಿಯುವವನ ಬಲ ಮಣಿಕಟ್ಟು ಹೆಚ್ಚು ಸವೆದಿರಬೇಡವೇ? ಮೊಣಕಾಲೂರಿ ಬಾಣ ಬಿಡುವವಳ ಒಂದು ಮೊಣಕಾಲಿಗಾದರೂ ಮಣ್ಣು ಮೆತ್ತಿರಬೇಡವೇ? ಹಾಗೆಯೇ ಸ್ಯಾಟಿನ್. ಚಿಕ್ಕಪೇಟೆಯಲ್ಲಿ ಮೊದಲು ಕೈಗೆ ಸಿಗುವುದು ಅದು, ಸಭಾಂಗಣದ ಬೆಳಕಿನಲ್ಲಿ ರಾಜನನ್ನೂ ನಾಟಕದ ರಾಜನನ್ನಾಗಿ ಮಾಡುವುದೂ ಅದೇ.

ಗಾತ್ರದಿಂದ ಗಮನ ಸೆಳೆಯುವುದು ನನಗೆ ಅಷ್ಟಾಗಿ ರುಚಿಸುವುದಿಲ್ಲ. ಎಂಟು ಅಡಿ ರೆಕ್ಕೆ ಫೋಟೊದಲ್ಲಿ ಚೆಂದ. ಸಭಾಂಗಣದಲ್ಲಿ ಅದು ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಒಳಗಿರುವವರು ಬೆವರಿನಲ್ಲಿ ನೆಂದು, ಕೂರಲಾರದೆ, ಸ್ನೇಹಿತರ ಕೈ ಹಿಡಿದು ಹೆಜ್ಜೆ ಇಡುತ್ತಾರೆ. ಜಗತ್ತನ್ನು ಉಳಿಸಬೇಕಾದವನನ್ನು ಇಬ್ಬರು ನಡೆಸಿಕೊಂಡು ಬರುವ ದೃಶ್ಯ ಪಾತ್ರಕ್ಕೆ ಒಳ್ಳೆಯದಲ್ಲ. 1972ರಲ್ಲಿ ಲಾಸ್ ಏಂಜಲೀಸ್‌ನ ವಿಶ್ವ ವೈಜ್ಞಾನಿಕ ಕಥಾ ಸಮಾವೇಶಕ್ಕೆ ವ್ಯಂಗ್ಯಚಿತ್ರಕಾರ ಸ್ಕಾಟ್ ಶಾ ಮೈತುಂಬ ಪೀನಟ್ ಬಟರ್ ಮೆತ್ತಿಕೊಂಡು ಬಂದಿದ್ದರು. ಎದ್ದು ಕಂಡರು, ಅನುಮಾನವಿಲ್ಲ. ಆ ಪದಾರ್ಥವನ್ನು ನಿಷೇಧಿಸುವ ನಿಯಮವೂ ಅದರ ಹಿಂದೆಯೇ ಬಂತು.

ಇದನ್ನೆಲ್ಲ ಯಕ್ಷಗಾನಕ್ಕೆ ಹೋಲಿಸುವ ಚಾಳಿ ನಮ್ಮಲ್ಲಿದೆ. ಹೋಲಿಕೆ ಕೂಡಿಬರುವುದಿಲ್ಲ. ಅಲ್ಲಿ ಪ್ರಸಂಗವಿದೆ, ಭಾಗವತರಿದ್ದಾರೆ, ಚೆಂಡೆಯಿದೆ, ಕೂತು ನೋಡುವ ಜನರಿದ್ದಾರೆ. ಇಲ್ಲಿ ಕಥೆಯಿಲ್ಲ, ಎದುರಾಳಿಯಿಲ್ಲ, ನೋಡುವವರು ಐಸ್‌ಕ್ರೀಂ ಹಿಡಿದು ದಾಟಿಹೋಗುತ್ತಿರುತ್ತಾರೆ. ಎರಡು ಕ್ಷಣದಲ್ಲಿ, ಒಂದು ನಿಲುವಿನಲ್ಲಿ ಇಡೀ ಪ್ರಸಂಗ ಹೇಳಿ ಮುಗಿಸಬೇಕು.

ಮೈಬಣ್ಣದ ಮಾತನ್ನೂ ಆಡಬೇಕು. ಅಮೆರಿಕದ ಚಾಕಾ ಕಂಬರ್‌ಬ್ಯಾಚ್ ಜಪಾನಿ ಮಾಂಗಾದ ಸೇಲರ್ ವೀನಸ್ ಆಗಿ ಬಂದಾಗ, ಕಪ್ಪು ಹೆಣ್ಣಿಗೆ ಹೊಂಬಣ್ಣದ ಕೂದಲಿನ ಪಾತ್ರ ಏಕೆ ಎಂದು ಜರೆದವರು ಬಹಳ. ಚಾಕಾ 2015ರ ಫೆಬ್ರವರಿಯಲ್ಲಿ ಕಪ್ಪು ಕಾಸ್‌ಪ್ಲೇಯರ್‌ಗಳ 28 ದಿನಗಳ ಅಭಿಯಾನವನ್ನೇ ಶುರುಮಾಡಿದರು. ನಮ್ಮಲ್ಲಿ ಜರೆಯುವ ಮುಂಚೆಯೇ ಹುಡುಗಿಯರು ಎರಡು ಪದರ ಬಿಳಿ ಬಳಿದುಕೊಂಡಿರುತ್ತಾರೆ. ಕತ್ತಿನ ಬಳಿ ಗೆರೆ ಕಾಣುತ್ತದೆ, ಪಾತ್ರ ಅಲ್ಲೇ ತುಂಡಾಗುತ್ತದೆ. ತಮ್ಮ ಬಣ್ಣಕ್ಕೆ ಒಪ್ಪುವಂತೆ ವಿಗ್‌ನ ಛಾಯೆಯನ್ನು ಸ್ವಲ್ಪ ಗಾಢ ಮಾಡಿಕೊಂಡವರು ನನ್ನ ಕಣ್ಣಿಗೆ ಹೆಚ್ಚು ಜಾಣರು. ಅವರು ಹೋಲಿಕೆಯನ್ನು ಬಿಟ್ಟು ಪಾತ್ರವನ್ನು ಉಳಿಸಿಕೊಂಡಿದ್ದಾರೆ.

ಪಾತ್ರದ ಆಯ್ಕೆಯೂ ಅರ್ಧ ಗೆಲುವು. ಎಲ್ಲರೂ ಸ್ಪೈಡರ್‌ಮ್ಯಾನ್ ಆದ ಕಡೆ ಪ್ರಾಣ್ ಅವರ ಚಾಚಾ ಚೌಧರಿ ಕೆಂಪು ಮುಂಡಾಸು, ಬಿಳಿ ಮೀಸೆ, ಊರುಗೋಲಿನೊಂದಿಗೆ ನಿಧಾನವಾಗಿ ಬಂದರೆ ಜನ ತಾವಾಗಿಯೇ ದಾರಿ ಬಿಡುತ್ತಾರೆ. 1997ರಲ್ಲಿ ದೂರದರ್ಶನಕ್ಕೆ ಬಂದ ಶಕ್ತಿಮಾನ್‌ನಂತೆ ಕೈಯೆತ್ತಿ ಗಿರಗಿರನೆ ತಿರುಗಿದವರ ಸುತ್ತ ನಡುವಯಸ್ಸಿನವರು ಕ್ಷಣದಲ್ಲಿ ಸೇರುತ್ತಾರೆ, ಮಕ್ಕಳನ್ನು ಪಕ್ಕಕ್ಕೆ ತಳ್ಳಿ. ಮಕ್ಕಳ ಪತ್ರಿಕೆ ಬಾಲಮಂಗಳ ಓದಿ ಬೆಳೆದವರಲ್ಲಿ ಯಾರಾದರೂ ಅದರ ಡಿಂಗನಾಗಿ ಬಂದರೆ ನನ್ನ ಮತ ಅವರಿಗೇ. ಇದನ್ನು ಪಕ್ಷಪಾತ ಎಂದು ಬೇಕಾದರೆ ಕರೆಯಿರಿ.

ಬಹುಮಾನಗಳು ಮಾತ್ರ ವೇದಿಕೆಗೆ ಮೀಸಲು. ಅಲ್ಲಿ ಹಾಡು ಹಾಕುತ್ತಾರೆ, ನಿರೂಪಕರು ಕೂಗುತ್ತಾರೆ, ದೊಡ್ಡದು ಮತ್ತು ಬೆಳಗುವುದು ಗೆಲ್ಲುತ್ತದೆ. ಅಮೆರಿಕದ ವೈಜ್ಞಾನಿಕ ಕಥಾ ಸಮಾವೇಶಗಳಲ್ಲಿ ಇದಕ್ಕೊಂದು ಹಳೆಯ ಮದ್ದಿದೆ: ವೇದಿಕೆಯ ಸ್ಪರ್ಧೆಯಲ್ಲಿ ಕೈಕೆಲಸಕ್ಕೂ ಪ್ರದರ್ಶನಕ್ಕೂ ಬೇರೆ ಬೇರೆ ತೀರ್ಪು ಕೊಡುತ್ತಾರೆ. ಅದಲ್ಲದೆ, ಕೆಲವು ತೀರ್ಪುಗಾರರು ಸಭಾಂಗಣದಲ್ಲಿ ಸುಮ್ಮನೆ ತಿರುಗಾಡುತ್ತ, ಸ್ಪರ್ಧೆಗೆ ಹೆಸರೇ ಕೊಡದವರಲ್ಲೂ ಒಳ್ಳೆಯ ವೇಷ ಕಂಡರೆ ನಿಂತಲ್ಲೇ ರಿಬ್ಬನ್ ಕೊಟ್ಟು ಮುಂದೆ ಹೋಗುತ್ತಾರೆ. ಬೆಂಗಳೂರಿನಲ್ಲೂ ಇದನ್ನು ಮಾಡಲು ಖರ್ಚೇನೂ ಇಲ್ಲ. ನಾಲ್ಕು ಮೀಟರ್ ರಿಬ್ಬನ್, ಕಾಲು ಗಟ್ಟಿಯಿರುವ ಮೂವರು ತೀರ್ಪುಗಾರರು ಸಾಕು. ಅವರಿಗೆ ಕುರ್ಚಿ ಮಾತ್ರ ಕೊಡಬಾರದು.